ಕಂಪ್ಯೂಟರಿನೊಳಗೆ ಕಸ ಗುಡಿಸುವಾಕಿ

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹಿಂದಿನದು ಮುಂದಿನದು ಆಮೇಲೆ ನೋಡೋಣ. ನನ್ನ ಮೊಮ್ಮಗಳು ಸುಜಾತಾ ಬರೆದ ಪ್ರೋಗ್ರಾಂ ನಿನ್ನೆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶುರುವಾದದ್ದು ಸಂಜೆ ಏಳರ ತನಕ ಒಂದೇ ಒಂದು ಸಲವೂ ನಿಲ್ಲಲಿಲ್ಲ! ನಿಲ್ಲುವುದಿರಲಿ, ಕೆಮ್ಮಲೂ ಇಲ್ಲ. ಅವಳಿಗೆ ಕೆಲಸ ಪಕ್ಕಾ ಆಯಿತು. ಈ ಖುಷಿ ನನ್ನ ಹೊಟ್ಟೆಯೊಳಗೆ ಹಿಡಿಸುತ್ತಿಲ್ಲ. ಇವತ್ತು ಬೆಳಿಗ್ಗೆ ಆಟೋದವನಿಗೆ ಹೇಳಿದೆ, ಚಹಾದಂಗಡಿಯಲ್ಲಿ ಹೇಳಿದೆ, ಏನೂ ಕೆಲಸವಿಲ್ಲದಿದ್ದರೂ ಮಹಾಲಿಂಗಪುರದವರೆಗೆ ಹೋಗಿ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅಪರಿಚಿತರಿಗೂ ಹೇಳಿದೆ. ಅವರು ಕೇಳಿದ್ದು, "ಮುಧೋಳ ಬಸ್ಸು ಹೋತೇನ್ರಿ?" ಎಂದು ಅಷ್ಟೇ. ನಾನು ಇನ್ನೂ ಇಲ್ಲ ಎಂದು ಹೇಳಿ, ಕೂಡಿಸಿಕೊಂಡು, ಪ್ರೋಗ್ರಾಮಿನ ಕಥೆ ಪೂರಾ ಹೇಳಿದೆ. ಮುಗಿಯುವಷ್ಟರಲ್ಲಿ ಅವರ ಬಸ್ಸು ಹೋಗಿತ್ತು. ಆದರೂ ಅವರು ಸಿಟ್ಟಾಗಲಿಲ್ಲ. "ಹುಡುಗಿ ಛಲೋ ಶಾಣ್ಯಾ ಅದಾಳ ಬಿಡ್ರಿ" ಎಂದರು. ಇಂಥ ಒಳ್ಳೆಯ ಜನ ಇನ್ನೂ ಇದ್ದಾರೆ.

ನನ್ನ ಓದು ಮೂರನೆಯ ಇಯತ್ತೆ. ಆದ್ದರಿಂದ ಕಂಪ್ಯೂಟರಿನ ವಿಷಯ ನಾನು ಬರೆಯುತ್ತಿದ್ದೇನೆ ಎಂದರೆ ನಗುವವರು ನಗಬಹುದು. ನಮ್ಮದು ಕುರಿ ಕಾಯುವ ಮನೆತನ. ಅಪ್ಪ, ಅಜ್ಜ ಎಲ್ಲರೂ ಬೀರಪ್ಪ ದೇವರ ಹೆಸರು ಹೇಳಿ ಹಿಂಡಿನ ಹಿಂದೆ ನಡೆದವರು. ನನಗೂ ಆ ದೇವರದೇ ಹೆಸರು ಇಟ್ಟರು. ಆದರೆ ಕುರಿಗಳು ನನ್ನ ಮಾತು ಕೇಳಲಿಲ್ಲ. ನಾನು ಹಿಂಡನ್ನು ಹೊಳೆಯ ಕಡೆ ಹೊಡೆದರೆ ಅವು ಯಾರದೋ ಗೋವಿನಜೋಳದ ಹೊಲಕ್ಕೆ ಹೋಗುತ್ತಿದ್ದವು. ಅಪ್ಪ ಎರಡು ವರ್ಷ ಸಹಿಸಿ, "ಇಂವ ಕುರಿ ಕಾಯೂದಲ್ಲ, ಕುರಿನ ಇವನ್ನ ಕಾಯಾಕತ್ತಾವ" ಎಂದು ಹೇಳಿ ಬನಹಟ್ಟಿಯ ಒಂದು ಮಗ್ಗದ ಶೆಡ್ಡಿಗೆ ತಂದು ಬಿಟ್ಟ. ಅಲ್ಲಿ ನಾನು ಕಲಿತದ್ದು ಕಾರ್ಡು ಹೊಲಿಯುವ ಕೆಲಸ. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಹೂವು, ಗೋಪುರ, ಬಾತುಕೋಳಿ ಮೂಡುತ್ತವಲ್ಲ, ಅವು ತಾವಾಗಿ ಮೂಡುವುದಿಲ್ಲ. ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದಿರುತ್ತಾರೆ. ಯಾವ ಎಳೆ ಮೇಲೆ ಏಳಬೇಕು, ಯಾವುದು ಕೆಳಗೆ ಇರಬೇಕು ಎಂದು ಮಗ್ಗಕ್ಕೆ ಆ ತೂತುಗಳು ಹೇಳುತ್ತವೆ. ಒಂದು ದಡಿಗೆ ನೂರಾರು ಕಾರ್ಡು. ಅವುಗಳನ್ನು ಒಂದಕ್ಕೊಂದು ದಾರದಿಂದ ಹೊಲಿದು ಉದ್ದ ಮಾಲೆ ಮಾಡಿ ಮಗ್ಗದ ತಲೆಯ ಮೇಲೆ ತೂಗುಹಾಕಬೇಕು. ನಲವತ್ತು ವರ್ಷ ಅದನ್ನೇ ಮಾಡಿದೆ. ನನ್ನ ಹೊಲಿಗೆ ಒಂದು ಸಲವೂ ಬಿಚ್ಚಲಿಲ್ಲ.

ಬಿಚ್ಚದ್ದೇ ಒಂದು ಸಲ ಫಜೀತಿಯೂ ಆಯಿತು. ಒಂದು ಡಿಸೈನು ಮುಗಿದ ಮೇಲೆ ಮಾಲೆಯ ತುದಿಯ ದಾರ ಕತ್ತರಿಸಿ, ಮೊದಲನೆಯ ಕಾರ್ಡಿನ ಮೇಲೆ ನಂಬರು ಬರೆದು, ಸುತ್ತಿ ಅಟ್ಟಕ್ಕೆ ಹಾಕಬೇಕು. ಇದು ಶೆಡ್ಡಿನ ರಿವಾಜು. ನನ್ನ ಮದುವೆ ಗೊತ್ತಾದ ವಾರ ನನ್ನ ತಲೆ ಎಲ್ಲಿತ್ತೋ, ಕತ್ತರಿ ಹಾಕುವುದನ್ನು ಮರೆತು ಗೋಪುರದ ಮಾಲೆಯ ತುದಿಗೆ ಬಾತುಕೋಳಿಯ ಮಾಲೆಯನ್ನು ಹೊಲಿದುಬಿಟ್ಟೆ. ಸೀರೆಯ ದಡಿಯಲ್ಲಿ ಅರ್ಧದವರೆಗೆ ಗೋಪುರ, ಅಲ್ಲಿಂದ ಮುಂದೆ ಸಾಲಾಗಿ ಬಾತುಕೋಳಿ! ಶೆಡ್ಡಿನ ಸಾವಕಾರರು ಬೈದು, ಆ ಸೀರೆಯನ್ನು ನನ್ನ ಮದುವೆಗೇ ಉಡುಗೊರೆ ಕೊಟ್ಟರು. ನಮ್ಮಾಕಿ ಮಾಳವ್ವ ಅದನ್ನು ಉಟ್ಟುಕೊಂಡೇ ಈ ಮನೆಯ ಹೊಸ್ತಿಲು ದಾಟಿದಳು. ಅದು ಹೊಸ ಫ್ಯಾಶನ್ನು ಎಂದು ಅವಳಿಗೆ ಮೂರು ವರ್ಷ ನಂಬಿಸಿದ್ದೆ.

ಈಗ ಸುಜಾತಾ. ಜಮಖಂಡಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದಳು. ಓದುವಾಗಲೇ ಅವಳ ತಲೆಯಲ್ಲಿ ಒಂದು ಹುಳು ಹೊಕ್ಕಿತು. ದಡಿಯ ಡಿಸೈನನ್ನು ಚೌಕಳಿ ಕಾಗದದ ಮೇಲೆ ಕೈಯಿಂದ ತುಂಬುತ್ತಾ ಎಂಟು ದಿನ ಕೂರುವ ಬದಲು ಕಂಪ್ಯೂಟರಿನಲ್ಲೇ ಬರೆದು, ಸೀರೆ ಹೇಗೆ ಕಾಣುತ್ತದೆ ಎಂದು ಅಲ್ಲೇ ನೋಡಿ, ಕಾಗದದ ಮೇಲೆ ಛಾಪಿಸಿ ಕೊಡಬಹುದಲ್ಲ ಎಂದು. ಜಾವಾ ಎಂಬ ಭಾಷೆಯಲ್ಲಿ ಅದನ್ನು ಬರೆದಳು. ನನ್ನ ಹತ್ತಿರ ಕುಳಿತು ದಡಿಯ ಕೆಲಸವನ್ನೆಲ್ಲ ಕೇಳಿಕೊಂಡಳು. ಮಗ್ಗದವರು ಹೇಗೆ ಕೇಳುತ್ತಾರೆ, ಏನು ಬದಲಿಸಿ ಎನ್ನುತ್ತಾರೆ, ಎಲ್ಲವನ್ನೂ. ನಾನು ಗುರುವಿನ ಗತ್ತಿನಲ್ಲಿ ಕಾಲು ಮಡಚಿ ಕುಳಿತು ಹೇಳಿದೆ. ಮುಖ್ಯವಾಗಿ ಒಂದು ಮಾತು ಹೇಳಿದೆ: "ನೋಡ ಯವ್ವಾ, ಡಿಸೈನ್ ಅನ್ನೂದು ಒಂದರ ಹೊಟ್ಟ್ಯಾಗಿಂದ ಒಂದು ಹುಟ್ಟತೈತಿ. ಗಿರಾಕಿ ಇವತ್ತ ಎಸಳು ಹೆಚ್ಚ ಮಾಡ್ರಿ ಅಂತಾನ, ನಾಳೆ ಮೊದಲಿನದ ಬೇಕು ಅಂತಾನ. ಅದಕ್ಕ ಪ್ರತಿ ಡಿಸೈನೂ ತನ್ನ ತಾಯಿ ಕೈ ಬಿಡಬಾರದು. ಹಿಡಕೊಂಡ ಇರಬೇಕು." ಅವಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ನಾನು ಹೇಳಿದ್ದನ್ನು ಓದಿದವರು ಬರೆದುಕೊಂಡದ್ದು ಅದೇ ಮೊದಲು. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ನನ್ನ ಹಳೆಯ ಶೆಡ್ಡಿನ ಸಾವಕಾರರ ಮಗ ಈಗ ಬನಹಟ್ಟಿಯಲ್ಲಿ ಡಿಸೈನಿನ ಅಂಗಡಿ ನಡೆಸುತ್ತಾನೆ. ಈರಣ್ಣ ಎಂದು ಹೆಸರು. ಅವನು ತನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಅವಳ ಪ್ರೋಗ್ರಾಂ ಹಾಕಿಸಿ, "ನಡಸಿ ತೋರ್ಸು ತಂಗಿ, ಛಲೋ ನಡದ್ರ ಕಾಯಂ ಮಾಡ್ಕೋತೀನಿ" ಎಂದ. ಮೊದಲ ತಿಂಗಳು ಬೆಣ್ಣೆಯಂತೆ ನಡೆಯಿತು. ಆಮೇಲೆ ಈರಣ್ಣ ಅಂಗಡಿಗೆ ದೊಡ್ಡ ಬ್ಯಾಟರಿಯ ಇನ್ವರ್ಟರ್ ಕೂಡಿಸಿದ. ಕಷ್ಟ ಶುರುವಾದದ್ದೇ ಅಲ್ಲಿಂದ.

ಇನ್ವರ್ಟರಿನ ತಪ್ಪೇನೂ ಇಲ್ಲ. ಸಂಗತಿ ಏನೆಂದರೆ, ಅದಕ್ಕೂ ಮೊದಲು ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು. ಕರೆಂಟು ಹೋದರೆ ಕಂಪ್ಯೂಟರ್ ಆರುತ್ತದೆ, ಆರಿದರೆ ಅದರ ತಲೆಯೊಳಗೆ ತುಂಬಿದ್ದೆಲ್ಲ ಖಾಲಿ. ಮತ್ತೆ ಹೊಸದಾಗಿ ಶುರು. ಕರೆಂಟಿನವರನ್ನು ನಾವೆಲ್ಲ ಬಾಯಿತುಂಬ ಬೈಯುತ್ತಿದ್ದೆವು, ಆದರೆ ನನ್ನ ಮೊಮ್ಮಗಳ ಮರ್ಯಾದೆ ಕಾಯುತ್ತಿದ್ದವರು ಅವರೇ! ಇನ್ವರ್ಟರ್ ಬಂದು ಕಂಪ್ಯೂಟರ್ ದಿನವಿಡೀ ಎಚ್ಚರ ಇರತೊಡಗಿದ ಮೇಲೆ ಮಧ್ಯಾಹ್ನ ಮೂರರ ಹೊತ್ತಿಗೆ ಪ್ರೋಗ್ರಾಂ ತೂಕಡಿಸುವುದು, ಮೂರೂವರೆಗೆ ಗಪ್ಪನೆ ನಿಲ್ಲುವುದು. ಎದುರಿಗೆ ಗಿರಾಕಿ ಕುಳಿತಿರುತ್ತಾರೆ, ಪರದೆಯ ಮೇಲೆ ಅರ್ಧ ಮೂಡಿದ ನವಿಲು.

ಎರಡು ವಾರ ಹೀಗೇ ಆಯಿತು. ಈರಣ್ಣ ಒಳ್ಳೆಯ ಮನುಷ್ಯ, ಆದರೆ ಅವನಿಗೂ ಅಂಗಡಿ ನಡೆಯಬೇಕಲ್ಲ. ಸೋಮವಾರ ನನ್ನನ್ನು ಕರೆಸಿ ಹೇಳಿದ: "ಬೀರಪ್ಪ ಕಾಕಾ, ಹುಡುಗಿ ಮುಂದ ಅನ್ನಾಕ ಬಾಯಿ ಬರೂದಿಲ್ಲ. ದಿನಾ ಮಧ್ಯಾಹ್ನ ನಿಂದ್ರಾಕತ್ತೈತಿ. ಬರೂ ಶನಿವಾರ ಸೀರಿ ಯಾಪಾರಿಗಳು ದಿನಪೂರ್ತಿ ಕೂಡಾಕ ಬರ್ತಾರ. ಅವತ್ತ ಮುಂಜಾನಿಂದ ಸಂಜಿತನಕ ನಡೀತಂದ್ರ ಆಕಿ ನಮ್ಮಾಕಿ, ಕುರ್ಚಿ ಆಕಿದು. ನಿಂತಂದ್ರ ನಾ ಮತ್ತ ಚೌಕಳಿ ಕಾಗದಕ್ಕ ಹೋಗ್ತೀನಿ. ಸಿಟ್ಟ ಮಾಡ್ಕೋಬ್ಯಾಡ್ರಿ."

ಸಿಟ್ಟು ಮಾಡುವುದು ಯಾರ ಮೇಲೆ? ಮನೆಗೆ ಬಂದು ಹೇಳಿದರೆ ಸುಜಾತಾ ಅಳಲಿಲ್ಲ. ಅತ್ತಿದ್ದರೆ ಬೇರೆ ಮಾತು, ಸಮಾಧಾನ ಮಾಡುವುದು ನನಗೆ ಬರುತ್ತದೆ. ಅವಳು ಸುಮ್ಮನೆ ರೊಟ್ಟಿ ಮುರಿದು ಮುರಿದು ತಾಟಿನ ಅಂಚಿಗೆ ಇಟ್ಟಳು, ಬಾಯಿಗೆ ಹಾಕಲಿಲ್ಲ. ಅದನ್ನು ನೋಡುವುದು ನನಗೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದೆ, "ಅದು ನಿಲ್ಲೂದು ಯಾಕ, ನನಗ ತಿಳಿಯೂ ಹಂಗ ಹೇಳ."

"ಮೆಮೊರಿ ತುಂಬತೈತಿ ಅಜ್ಜಾ. ಕಂಪ್ಯೂಟರ್ ಕೆಲಸ ಮಾಡುವಾಗ ಸಾಮಾನು ಹರವಿಕೊಳ್ಳೂ ಜಾಗಾ ಅದು. ಹೊಸಾ ಚಿತ್ರ ಇಡಾಕ ಜಾಗಾ ಇಲ್ಲಂದ್ರ ಪ್ರೋಗ್ರಾಂ ಸಾಯ್ತೈತಿ."

"ಹಂಗಾರ ಹಳೇವು ತಗದ ಒಗಿ."

"ಈ ಭಾಷಾದಾಗ ನಾ ಒಗಿಯಂಗಿಲ್ಲ. ಒಳಗ ಒಬ್ಬಾಕಿ ಕಸ ಗುಡಿಸಾಕಿ ಇರ್ತಾಳ ಅಂತ ತಿಳಕೋ. ಹೊತ್ತಿಗೊಮ್ಮಿ ತಾನ ಬಂದು, ಯಾವುದು ಬೇಕಾಗಿಲ್ಲ ಅದನ್ನ ಗುಡಿಸಿ ಒಯ್ತಾಳ."

ನನಗೆ ಈ ವ್ಯವಸ್ಥೆ ಬಹಳ ಹಿಡಿಸಿತು. ಕರೆಯದೆ ಬಂದು, ಬೈಯದೆ ಗುಡಿಸಿ, ಚಹಾ ಕೇಳದೆ ಹೋಗುವವಳು! ನಮ್ಮ ಮನೆಯಲ್ಲಿ ಮಾಳವ್ವ ಕಸಬರಿಗೆ ಹಿಡಿದಳೆಂದರೆ ಎಲ್ಲರೂ ಕೆಲಸ ಬಿಟ್ಟು ಕಾಲು ಎತ್ತಿಕೊಂಡು ಕೂರಬೇಕು. ಮಗ ಗಡ್ಡ ಹೆರೆಯುತ್ತಿದ್ದರೂ ಅರ್ಧಕ್ಕೆ ನಿಲ್ಲಿಸಬೇಕು. ಇದನ್ನು ಹೇಳಿದರೆ ಸುಜಾತಾ ಹೌದು ಹೌದು ಎಂದಳು. ಕಂಪ್ಯೂಟರಿನಲ್ಲೂ ಹಾಗೇ ಅಂತೆ. ಆಕೆ ಗುಡಿಸುವಾಗ ಉಳಿದವರೆಲ್ಲ ಒಂದು ಕ್ಷಣ ಕಾಲು ಎತ್ತಬೇಕು. ಜಾಗ ಕಡಿಮೆಯಾದಂತೆ ಆಕೆ ಗಾಬರಿಯಾಗಿ ಮೇಲಿಂದ ಮೇಲೆ ಬರುತ್ತಾಳೆ, ಎಲ್ಲರೂ ಕಾಲು ಎತ್ತಿಕೊಂಡೇ ಇರುತ್ತಾರೆ, ಕೆಲಸ ನಡೆಯುವುದಿಲ್ಲ. ಮೂರು ಗಂಟೆಯ ತೂಕಡಿಕೆ ಅದೇ.

ಒಳಗಿನಿಂದ ಮಾಳವ್ವ ಕೇಳಿಸಿಕೊಂಡಿದ್ದಳು. "ಆಕಿ ಗುಡಿಸಿದ್ರೂ ಮನಿ ತುಂಬತೈತಿ ಅಂದ್ರ, ಆ ಮನ್ಯಾಗೂ ನಿಮ್ಮಂತಾ ಒಬ್ರು ಇರಬೇಕು ನೋಡ್ರಿ. ಏನ ಮುಟ್ಟಿದ್ರೂ 'ಇರ್ಲಿ, ಬೇಕಾಗ್ತೈತಿ' ಅನ್ನವ್ರು" ಎಂದಳು.

ನಾನೇನು ಬಿಡುತ್ತೇನೆಯೇ? ಮಾಳವ್ವನ ತವರು ಗಲಗಲಿಯ ಆಚೆ, ಹೊಳೆದಂಡೆಯ ಹಳ್ಳಿ. ಡ್ಯಾಮಿನ ಹಿನ್ನೀರು ಬಂದು ಊರು ಎತ್ತುವಾಗ ಅವರ ಮಂದಿ ಬಾಗಿಲ ಚೌಕಟ್ಟು, ತೊಲೆ, ಒರಳುಕಲ್ಲು, ಕೊನೆಗೆ ದನ ಕಟ್ಟುವ ಗೂಟಗಳನ್ನೂ ಕಿತ್ತು ಹೊಸ ಊರಿಗೆ ಹೇರಿಕೊಂಡು ಹೋದರು. ಅದರಲ್ಲಿ ದನ ಮಾತ್ರ ಇರಲಿಲ್ಲ, ಹಿಂದಿನ ವರ್ಷವೇ ಮಾರಿದ್ದರು! ಇದನ್ನು ನೆನಪಿಸಿದೆ. "ನಮ್ಮವ್ವ ಆ ಗೂಟಕ್ಕ ಈಗ ಹಗ್ಗಾ ಕಟ್ಟಿ ಅರಬಿ ಒಣಾ ಹಾಕ್ತಾಳ, ಗೊತ್ತೈತಿಲ್ಲ?" ಎಂದು ಅವಳು ತಿರುಗಿ ಹೊಡೆದಳು. ಖರೆ ಹೇಳಬೇಕೆಂದರೆ ಆ ಹಗ್ಗದ ಮೇಲೆ ನನ್ನ ಧೋತರವೂ ಒಣಗಿದೆ.

ಸುಜಾತಾ ಉಪಾಯ ಮಾಡದೆ ಇರಲಿಲ್ಲ. ಕಸ ಗುಡಿಸುವಾಕೆಯನ್ನು ಹೆಸರು ಹಿಡಿದು ಕರೆದಳು. ಹಾಗೆ ಕರೆಯಲು ಬರುತ್ತದಂತೆ. ಆಕೆ ಬಂದಳು, ನೋಡಿದಳು, ಇಲ್ಲಿ ಕಸವೇ ಇಲ್ಲ ಎಂದು ಹೋದಳು. ಬುಧವಾರ ಈರಣ್ಣ ಇನ್ನೊಂದು ಮೆಮೊರಿ ತಂದು ಹಾಕಿಸಿದ. ಮೂರೂವರೆಗೆ ಸಾಯುತ್ತಿದ್ದದ್ದು ಐದೂವರೆಗೆ ಸತ್ತಿತು. ಮನೆಗೆ ಇನ್ನೊಂದು ಖೋಲಿ ಕಟ್ಟಿಸಿದರೆ ಸಾಮಾನು ಕಡಿಮೆಯಾಗುತ್ತದೆಯೇ? ಅದೂ ತುಂಬುತ್ತದೆ, ಅಷ್ಟೇ. ಮಧ್ಯಾಹ್ನ ಚಹಾಕ್ಕೆ ಎದ್ದ ನೆವ ಮಾಡಿ ಬಂದ್ ಮಾಡಿ ಚಾಲೂ ಮಾಡೋಣವೇ ಎಂದು ನಾನು ಕೇಳಿದೆ. "ಅದು ಮೋಸ ಆಗ್ತೈತಿ ಅಜ್ಜಾ" ಎಂದಳು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಎರಡೂ ಕೂಡಿಯೇ ಆಯಿತು.

ಶುಕ್ರವಾರ ಬೆಳಿಗ್ಗೆ ಅವಳು ನೋಟ್ ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದಳು. ಕಣ್ಣು ಕೆಂಪಾಗಿದ್ದವು. ನಾನು ಬದಿಗೆ ಕುಳಿತು, "ಆ ಗುಡಿಸಾಕಿಗೆ ಯಾವುದು ಬೇಕು, ಯಾವುದು ಬ್ಯಾಡ ಅಂತ ಹೆಂಗ ತಿಳೀತೈತಿ? ಆಕಿಗೇನ ದಡಿ ಬಗ್ಗೆ ಗೊತ್ತೈತೇನು?" ಎಂದು ಕೇಳಿದೆ. ತಿಳಿಯಲಿ ಎಂದು ಕೇಳಿದ್ದಲ್ಲ, ಹುಡುಗಿ ಮಾತಾಡಲಿ ಎಂದು ಕೇಳಿದ್ದು.

"ಆಕಿಗೇನೂ ಗೊತ್ತಿಲ್ಲಜ್ಜಾ. ಬಾಗಿಲದಿಂದ ಶುರು ಮಾಡ್ತಾಳ. ಬಾಗಿಲಕ್ಕ ಯಾವ ದಾರ ಕಟ್ಟೈತಿ, ಅದನ್ನ ಹಿಡಕೊಂಡ ಹೋಗ್ತಾಳ. ಆ ದಾರದ ತುದಿಗೆ ಏನೈತಿ, ಅದರಿಂದ ಮತ್ತ ಯಾವ ದಾರ ಹೋಗೈತಿ, ಹಿಂಗ. ದಾರಕ್ಕ ಸಿಕ್ಕಿದ್ದೆಲ್ಲಾ ಬೇಕಾದ್ದು. ಯಾವ ದಾರಕ್ಕೂ ಸಿಗದ್ದು ಕಸ."

ಪುಸ್ತಕದಲ್ಲಿ ಚೌಕ ಬರೆದು ತೋರಿಸಿದಳು. ಇದು ಬಾಗಿಲು. ಇದು ಈಗ ಪರದೆಯ ಮೇಲಿರುವ ದಡಿ. ಅಲ್ಲಿಂದ ಒಂದು ಗೆರೆ ಎಳೆದು ಇನ್ನೊಂದು ಚೌಕ. ಅಲ್ಲಿಂದ ಗೆರೆ, ಮತ್ತೊಂದು ಚೌಕ. ಅಲ್ಲಿಂದ ಇನ್ನೊಂದು.

ನಾನು ಆ ಪುಟ ನೋಡುತ್ತಾ ಕುಳಿತೆ. ನನ್ನ ಬೆರಳುಗಳಿಗೆ ಅದು ಕಣ್ಣಿಗಿಂತ ಮೊದಲು ಗೊತ್ತಾಯಿತು. ನಲವತ್ತು ವರ್ಷ ಅವು ಮಾಡಿದ ಕೆಲಸವೇ ಅಲ್ಲಿತ್ತು.

"ಯವ್ವಾ, ಇದು ಕಾರ್ಡಿನ ಮಾಲಿ ಅಲ್ಲೇನ? ಒಂದ ತುದಿ ಹಿಡದ ಜಗ್ಗಿದ್ರ ಅಟ್ಟದ ಮ್ಯಾಲಿಂದೆಲ್ಲಾ ಕೆಳಗ ಬರ್ತೈತಿ."

"ಹೌದಜ್ಜಾ, ಹಂಗ."

"ಹಂಗಾರ ಕತ್ತರಿ ಎಲ್ಲಿ ಹಾಕೀದಿ?"

ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪುಸ್ತಕ ನೋಡಿದಳು.

"ಒಂದ ಡಿಸೈನ್ ಮುಗೀತು, ಇನ್ನೊಬ್ಬ ಗಿರಾಕಿ ಬಂದ. ನಾವಾಗಿದ್ರ ದಾರ ಕತ್ತರಿಸಿ, ನಂಬರ್ ಬರದು, ಅಟ್ಟಕ್ಕ ಒಗೀತಿದ್ವಿ. ಬೇಕಾದಾಗ ನಂಬರ್ ನೋಡಿ ಇಳಸ್ಕೋತಿದ್ವಿ. ಮಗ್ಗದ ಮ್ಯಾಲ ಎಲ್ಲಾ ಯಾಕ ತೂಗ ಹಾಕೀದಿ?"

"ಅಜ್ಜಾ..." ಅವಳ ದನಿ ಬಹಳ ಮೆತ್ತಗಿತ್ತು. "ನಾ ಕತ್ತರಿನ ಹಾಕಿಲ್ಲ. ಮುಂಜಾನಿ ಮೊದಲನೇ ದಡಿಯಿಂದ ಹಿಡದು ಎಲ್ಲಾ ಒಂದ ಮಾಲಿ ಆಗೈತಿ. ಪ್ರತಿ ಡಿಸೈನೂ ತನ್ನ ತಾಯಿನ್ನ ಹಿಡಕೊಂಡೈತಿ, ಆ ತಾಯಿ ತನ್ನ ತಾಯಿನ್ನ..."

"ಎಂತಾ ಹುಚ್ಚ ಕೆಲಸ! ಹಂಗ ಹಿಡಕೋ ಅಂತ ಯಾರ ಹೇಳಿದ್ರು ನಿನಗ?"

ಅವಳು ಪುಟ ತಿರುವಿದಳು. ಹಿಂದೆ, ಇನ್ನೂ ಹಿಂದೆ. ಒಂದು ಕಡೆ ನಿಲ್ಲಿಸಿ ನನ್ನ ಮುಂದೆ ಹಿಡಿದಳು. ಅವಳ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಪ್ರತಿ ಡಿಸೈನೂ ತನ್ನ ತಾಯಿಯ ಕೈ ಬಿಡಬಾರದು.' ಕೆಳಗೆ ಎರಡು ಗೆರೆ ಎಳೆದು 'ಅಜ್ಜ' ಎಂದು ಬೇರೆ ಬರೆದಿದ್ದಳು.

ಓದುಬರಹ ಬಂದರೆ ಹೀಗೂ ಒಂದು ತೊಂದರೆ ಇದೆ ನೋಡಿ. ಬಾಯಿಮಾತಾಗಿದ್ದರೆ ನಾನು ಹಾಗೆ ಹೇಳಲೇ ಇಲ್ಲ ಎನ್ನಬಹುದಿತ್ತು. ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅವಳು ನಗಲು ಶುರು ಮಾಡಿದಳು. ಐದು ದಿನದ ಮೇಲೆ ಮೊದಲ ಸಲ ನಕ್ಕಳು. ಕಟ್ಟೆಯಿಂದ ಜಿಗಿದು, ಚಪ್ಪಲಿ ಒಂದು ಕಾಲಿಗೆ ಹಾಕಿ ಒಂದು ಕಾಲಿಗೆ ಮರೆತು, ಅಂಗಡಿಗೆ ಓಡಿದಳು. ಮಾಳವ್ವ ಹೊರಗೆ ಬಂದು, "ಏನ ಅಂದ್ರಿ ಹುಡುಗಿಗೆ?" ಎಂದಳು. "ಕತ್ತರಿ ಹಾಕಾಕ ಹೇಳೀನಿ" ಎಂದೆ.

ಅವಳು ಮಾಡಿದ್ದು ಇಷ್ಟು ಎಂದು ಆಮೇಲೆ ಹೇಳಿದಳು. ಒಂದು ಡಿಸೈನಿನೊಳಗೆ ಹತ್ತಿಪ್ಪತ್ತು ಹೆಜ್ಜೆ ಹಿಂದೆ ಹೋಗಲು ದಾರ ಇಟ್ಟಳು. ಡಿಸೈನು ಮುಗಿದೊಡನೆ ಅದನ್ನು ಕಂಪ್ಯೂಟರಿನ ಕಪಾಟಿನಲ್ಲಿ ಭದ್ರ ಮಾಡಿ, ದಾರ ಕತ್ತರಿಸಿ, ಅದರಿಂದ ಹುಟ್ಟುವ ಮಗಳು ಡಿಸೈನಿನ ಕೈಯಲ್ಲಿ ತಾಯಿಯ ನಂಬರಿನ ಚೀಟಿ ಮಾತ್ರ ಕೊಟ್ಟಳು. ತಾಯಿ ಬೇಕಾದರೆ ನಂಬರು ಹೇಳಿ ಕರೆಸಿಕೊಳ್ಳಬಹುದು. ಬೇಡವಾದಾಗ ಸೆರಗು ಹಿಡಿದು ಓಡಾಡುವುದು ಬೇಡ. ತಿಳಿದವರಿಗೆ ಇದು ಸಣ್ಣ ಕೆಲಸವಿರಬಹುದು. ನನಗಂತೂ ನನ್ನ ಶೆಡ್ಡಿನ ರಿವಾಜೊಂದು ಕಂಪ್ಯೂಟರಿನೊಳಗೆ ಹೋಗಿ ಕುಳಿತದ್ದು ಕೇಳಿ ಮೈಯೆಲ್ಲ ಜುಮ್ಮೆಂದಿತು.

ಶನಿವಾರ ಬೆಳಿಗ್ಗೆ ನಾನೂ ಅಂಗಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕುಳಿತೆ. ಬೀರಪ್ಪ ದೇವರಿಗೆ ಕಾಯಿ ಒಡೆಸುತ್ತೇನೆ ಎಂದು ಬೇಡಿಕೊಂಡಿದ್ದೆ. ಹುಟ್ಟಿದ ಮೇಲೆ ಮೊದಲ ಸಲ, ಇವತ್ತು ಕರೆಂಟು ಹೋಗಬಾರದು, ಹೋದರೂ ಇನ್ವರ್ಟರ್ ಕೈಕೊಡಬಾರದು, ನಮ್ಮ ಹುಡುಗಿ ಗೆದ್ದರೆ ಖರೆ ಗೆಲ್ಲಲಿ ಎಂದೂ ಬೇಡಿದೆ. ವ್ಯಾಪಾರಿಗಳು ಬಂದರು. ರಬಕವಿಯ ಒಬ್ಬರು ಬಹಳ ಕಿರಿಕಿರಿಯ ಮನುಷ್ಯ. ಹೂವಿಗೆ ಎಸಳು ಹಚ್ಚಿ ಎಂದರು, ತೆಗೆಯಿರಿ ಎಂದರು, ಬಳ್ಳಿ ಎಡಕ್ಕೆ ಬಾಗಿಸಿ ಎಂದರು, "ಮೊದಲಿನದ ಛಲೋ ಇತ್ತಲ್ರಿ" ಎಂದರು. ಸುಜಾತಾ ಒಂದಕ್ಕೂ ಬೇಸರಿಸಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ ತೆರೆದಿಟ್ಟಿದ್ದಳು. ಅದರಲ್ಲಿ ಮೆಮೊರಿ ಎಷ್ಟು ತುಂಬಿದೆ ಎಂದು ಗೆರೆ ಮೂಡುತ್ತಿತ್ತು. ಹಿಂದಿನ ವಾರ ಆ ಗೆರೆ ಮೆಟ್ಟಿಲು ಹತ್ತಿದಂತೆ ಹತ್ತಿ ಹತ್ತಿ ಮಾಳಿಗೆ ಮುಟ್ಟುತ್ತಿತ್ತಂತೆ. ಈಗ ಗರಗಸದ ಹಲ್ಲಿನಂತೆ ಏರುತ್ತಿತ್ತು, ಗುಡಿಸುವಾಕೆ ಬಂದಳೆಂದರೆ ಸರ್ರನೆ ಇಳಿಯುತ್ತಿತ್ತು. ಏರುವುದು, ಇಳಿಯುವುದು. ನಾನು ದಡಿ ನೋಡಲಿಲ್ಲ, ವ್ಯಾಪಾರಿಗಳನ್ನು ನೋಡಲಿಲ್ಲ, ಆ ಹಲ್ಲುಗಳನ್ನೇ ನೋಡುತ್ತಾ ಕುಳಿತೆ. ಗೆರೆ ಏರುವಾಗ ನನ್ನ ಉಸಿರು ಮೇಲೆ ಹೋಗುತ್ತಿತ್ತು, ಇಳಿದಾಗ ಕೆಳಗೆ ಬರುತ್ತಿತ್ತು. ಈರಣ್ಣ ನೋಡಿ, "ಕಾಕಾ, ಆರಾಮ ಅದೀರಿಲ್ಲ? ನೀರ ತರಸಲೇನು?" ಎಂದು ಕೇಳಿದ.

ಮೂರು ಗಂಟೆಯಾಯಿತು. ಸುಜಾತಾಳ ಕೈ ಒಂದು ಕ್ಷಣ ನಿಂತಿತು. ಗೆರೆ ಏರಿತು, ಏರಿತು, ನಾನು ಸ್ಟೂಲಿನ ಅಂಚು ಗಟ್ಟಿಯಾಗಿ ಹಿಡಿದೆ. ಸರ್ರನೆ ಇಳಿಯಿತು! ಮೂರೂವರೆ ದಾಟಿತು, ಐದೂವರೆ ದಾಟಿತು. ಆ ಕಿರಿಕಿರಿಯ ಮನುಷ್ಯ ಮೂವತ್ತೆರಡನೆಯ ಸಲ ಎಸಳು ಬದಲಿಸಿ ಕೊನೆಗೆ ಮೊದಲನೆಯದನ್ನೇ ಒಪ್ಪಿಕೊಂಡರು. ಏಳಕ್ಕೆ ಈರಣ್ಣ ಶಟರ್ ಅರ್ಧ ಎಳೆದು ಬಂದು, "ತಂಗಿ, ಸೋಮವಾರ ಒಂಬತ್ತಕ್ಕ ಬಾ. ನೀ ಬರೂದ್ರಾಗ ಕುರ್ಚಿಗೆ ಒಂದ ಗಾದಿ ತರಸ್ತೀನಿ, ದಿನಾ ಕೂಡಾಕ ಬೇಕಲ್ಲ" ಎಂದ. ಸುಜಾತಾ ಎದ್ದು ನಿಂತಳು. ನಾನೂ ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ, ನನಗಂತೂ ಯಾರೂ ಕೆಲಸ ಕೊಟ್ಟಿರಲಿಲ್ಲ.

ಮನೆಗೆ ಬಂದರೆ ಓಣಿಯ ತುದಿಗೇ ಹೋಳಿಗೆಯ ವಾಸನೆ. ಮಾಳವ್ವ, ಸೊಸೆ ಶಾಂತಾ ಇಬ್ಬರೂ ಒಲೆಯ ಮುಂದೆ. ನನಗೆ ಆಶ್ಚರ್ಯ. "ಸುದ್ದಿ ನಿಮಗ ಯಾರ ಹೇಳಿದ್ರು?" ಎಂದೆ.

"ಯಾರೂ ಹೇಳಿಲ್ಲ. ಮಧ್ಯಾಹ್ನನ ಬ್ಯಾಳಿ ಕುದಿಯಾಕ ಇಟ್ಟಿದ್ದೆ" ಎಂದಳು ಮಾಳವ್ವ.

"ಅಕಸ್ಮಾತ ನಿಂತಿದ್ರ?"

"ನಿಂತಿದ್ರೂ ಹುಡುಗಿ ಉಣ್ಣಾಕ ಬೇಕಲ್ರಿ" ಎಂದು ತಿರುಗಿ ಕೂಡ ನೋಡದೆ ಹೋಳಿಗೆ ಮಗುಚಿದಳು. ಮೂರನೆಯ ಇಯತ್ತೆಯೂ ಕಲಿಯದವಳು ಇವಳು.

ಎಲ್ಲರೂ ಸಾಲಾಗಿ ಕುಳಿತೆವು. ಬಿಸಿ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಮುಳಗಾಯಿ ಪಲ್ಯ. ಸುಜಾತಾ ಮುರಿದ ತುಣುಕುಗಳೆಲ್ಲ ಬಾಯಿಗೇ ಹೋದವು, ನಾನು ಗಮನಿಸಿದೆ. ಮಗ ಮಾಳಪ್ಪ ಮಾತು ಕಡಿಮೆಯವನು. ಅವನೂ ಮಗಳ ತಲೆಯ ಮೇಲೆ ಕೈ ಇಟ್ಟು, "ತಪ್ಪ ಎಲ್ಲೈತಿ ಅಂತ ಹೆಂಗ ಸಿಕ್ತವಾ?" ಎಂದು ಕೇಳಿದ.

"ಅಜ್ಜ ಹುಡುಕಿಕೊಟ್ಟಾ" ಎಂದಳು ಸುಜಾತಾ.

ಎಲ್ಲರೂ ನನ್ನನ್ನು ನೋಡಿದರು. ಶಾಂತಾ, "ನೋಡ್ರಿ ಮತ್ತ, ನಮ್ಮ ಮಾವಾರು!" ಎಂದು ನನ್ನ ತಾಟಿಗೆ ತುಪ್ಪ ಸುರಿದಳು. ಮಾಳವ್ವನೂ ನಲವತ್ತು ವರ್ಷದಲ್ಲಿ ನೋಡದ ರೀತಿಯಲ್ಲಿ ಒಮ್ಮೆ ನೋಡಿದಳು. ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಅಷ್ಟಕ್ಕೇ ಬಿಡಬಾರದೇ ನನ್ನ ಮಗ!

"ಅಲ್ಲಾ, ಮೊದಲ ಆ ತಪ್ಪ ಮಾಡಿದವ್ರ ಯಾರು?" ಎಂದ.

ಸುಜಾತಾ ಹೋಳಿಗೆಯನ್ನು ಹಾಲಿನಲ್ಲಿ ಅದ್ದುತ್ತಾ ನನ್ನ ಕಡೆ ನೋಡಿ ಕಣ್ಣಿನಲ್ಲೇ ನಕ್ಕಳು. ಉತ್ತರ ಹೇಳಬೇಕಾದವನು ನಾನೇ ಎಂದು ನನಗೂ ಗೊತ್ತಿತ್ತು. ಆದರೆ ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಬಾರದು ಎಂದು ನನ್ನ ಅವ್ವ ಕಲಿಸಿದ್ದಳು, ಅವಳ ಮಾತು ನಾನು ಮೀರುವವನಲ್ಲ. ಆದ್ದರಿಂದ ಒಂದು ಹೋಳಿಗೆ ಬಾಯಿಗೆ ತುರುಕಿಕೊಂಡು, ಅದು ಮುಗಿಯುವ ಮೊದಲೇ ಇನ್ನೊಂದು ಹಾಕೆಂದು ಮಾಳವ್ವನಿಗೆ ಕೈ ಸನ್ನೆ ಮಾಡಿದೆ.